ಹಿತ್ತಲಿನ ಕಳೆಗಳಿಗೆ ಔಷಧವನ್ನು ಉಪಯೋಗಿಸುವ ಕ್ರಮ

ಮನೆಯ ಹಿಂದಿನ ಹಿತ್ತಲು ವಿಸ್ತಾರದಲ್ಲಿ ಅಲ್ಪವಾದರೂ ಸಂಸಾರಕ್ಕೆ ಒದಗುವ ಪ್ರಯೋಜನದಲ್ಲಿ ಅಲ್ಪವಾದುದಲ್ಲ. ನಾಲ್ಕೈದು ಗುಂಟೆ ನೆಲದೊಳಗೇ ಎರಡು ತೆಂಗಿನ ಮರ, ನಾಲ್ಕು ಬಾಳೆ, ಒಂದು ನುಗ್ಗೆ, ಕರಿಬೇವು, ಅವರೆಯ ಚಪ್ಪರ, ಬದನೆ ಮತ್ತು ಮೆಣಸಿನ ಪಾತಿ, ಮಲ್ಲಿಗೆಯ ಬಳ್ಳಿ ಇಷ್ಟೂ ಇರುವುದುಂಟು. ಬಾವಿ, ದನದ ಕೊಟ್ಟಿಗೆ, ತಿಪ್ಪೆ, ಬಟ್ಟೆ ಒಗೆಯುವ ಕಲ್ಲು ಇವೂ ಅಲ್ಲಿಯೇ. ಮುಂಗಾರು ಮಳೆ ಬಿದ್ದ ಕೆಲವು ವಾರಗಳೊಳಗೆ ಇವೆಲ್ಲದರ ನಡುವೆ ಕಳೆಯು ಮೊಳಕಾಲುದ್ದ ಎದ್ದು ನಿಲ್ಲುತ್ತದೆ. ಹೊಲದ ಕೆಲಸವೂ ಅದೇ ಕಾಲಕ್ಕೆ ಒತ್ತಿ ಬರುವುದರಿಂದ ಹಿತ್ತಲಿಗೆ ಆಳು ದೊರೆಯುವುದಿಲ್ಲ. ಆಗ ಪೇಟೆಯಿಂದ ಒಂದು ಶೀಸೆ ಕಳೆನಾಶಕವನ್ನು ತಂದು ಸಿಂಪಡಿಸಿಬಿಟ್ಟರೆ ತೀರಿತೆಂದು ಯಜಮಾನನಿಗೆ ತೋರುವುದು ಸ್ವಾಭಾವಿಕವೇ ಆಗಿದೆ.

ಈ ಪದಾರ್ಥವನ್ನು ಜನರು ರೂಢಿಯಲ್ಲಿ ಕಳೆ ಔಷಧಿಯೆಂದೂ ಕೆಲವೆಡೆಗಳಲ್ಲಿ ಎಣ್ಣೆಯೆಂದೂ ಕರೆಯುತ್ತಾರೆ. ಈ ಎರಡು ಹೆಸರುಗಳೂ ಮೋಸಕ್ಕೆ ಎಡೆಗೊಡತಕ್ಕವು. ಔಷಧವೆಂಬುದು ರೋಗವನ್ನು ಗುಣಪಡಿಸುವಂಥಾದ್ದು. ಇದಾದರೋ ಜೀವವುಳ್ಳ ಗಿಡವನ್ನು ಕೊಲ್ಲುವ ವಿಷ. ಇದಕ್ಕೆ ಕಳೆ ಯಾವುದು, ಪೈರು ಯಾವುದು, ಪಲ್ಯದ ಸೊಪ್ಪು ಯಾವುದು ಎಂಬ ವಿವೇಚನೆ ಇಲ್ಲ. ಆ ವಿವೇಚನೆಯು ಅದನ್ನು ಹಿಡಿದ ಕೈಯಲ್ಲಿರಬೇಕು. ತಿಳಿದು ಉಪಯೋಗಿಸಿದಲ್ಲಿ ಇದು ಶ್ರಮವನ್ನು ಉಳಿಸುತ್ತದೆ; ತಿಳಿಯದೆ ಉಪಯೋಗಿಸಿದಲ್ಲಿ ಕಳೆಯು ಉಳಿದು ತೋಟವೂ, ಕೆಲವು ವೇಳೆ ಮನೆಯವರೂ ಕೆಡುವುದುಂಟು.

ಹೊಲಕ್ಕೂ ಹಿತ್ತಲಿಗೂ ಇರುವ ಭೇದ

ಹೊಲದಲ್ಲಿ ಸಾಮಾನ್ಯವಾಗಿ ಒಂದೇ ಪೈರು ಇರುತ್ತದೆ. ಆ ಪೈರಿಗೆ ಹಾನಿಮಾಡದೆ ಕಳೆಯನ್ನು ಮಾತ್ರ ಕೊಲ್ಲುವ ಔಷಧವನ್ನು ಆರಿಸಿಕೊಳ್ಳುವುದು ಅಲ್ಲಿ ಸಾಧ್ಯ. ಹಿತ್ತಲಿನಲ್ಲಿ ಹತ್ತು ಜಾತಿಯ ಗಿಡಗಳು ಒಂದರ ಮಗ್ಗುಲಲ್ಲಿ ಒಂದು ಬೆಳೆದಿರುತ್ತವೆ. ಈ ಹತ್ತನ್ನೂ ಉಳಿಸಿ ಉಳಿದದ್ದನ್ನೆಲ್ಲ ಕೊಲ್ಲುವ ಔಷಧವು ಯಾವುದೂ ಇಲ್ಲ. ಆದುದರಿಂದ ಹೊಲದಲ್ಲಿ ಮಾಡುವಂತೆ ಹಿತ್ತಲಿನ ಉದ್ದಗಲಕ್ಕೂ ಸಿಂಪಡಿಸಿಕೊಂಡು ಹೋಗುವುದು ಎಂದಿಗೂ ಸಲ್ಲದು. ಕಳೆಯಿರುವ ಸ್ಥಳಕ್ಕೆ ಮಾತ್ರ, ಕಳೆಯ ಎಲೆಗೆ ಮಾತ್ರ ಔಷಧವು ತಗುಲಬೇಕು.

ಇನ್ನೊಂದು ಮುಖ್ಯವಾದ ಭೇದವುಂಟು. ಹಿತ್ತಲಿನಲ್ಲಿ ಬಿತ್ತದೆ ಬೆಳೆದದ್ದೆಲ್ಲವೂ ಕಳೆಯಲ್ಲ. ಗೋಣಿಸೊಪ್ಪು, ಅಣ್ಣೆಸೊಪ್ಪು, ಹೊನಗೊನ್ನೆ, ಕಿರಕಸಾಲೆ ಮೊದಲಾದವುಗಳನ್ನು ಗಂಡಸರು ಕಳೆಯೆಂದು ತುಳಿದುಕೊಂಡು ಹೋಗುತ್ತಾರೆ. ಹೆಂಗಸರು ಅವುಗಳನ್ನೇ ಕುಯ್ದು ಬೆರಕೆಸೊಪ್ಪಿನ ಸಾರು ಮಾಡುತ್ತಾರೆ. ಬೇರಿಗೆ ಇಳಿದು ಕೊಲ್ಲುವ ಔಷಧಗಳನ್ನು ಸಿಂಪಡಿಸಿದಲ್ಲಿ ಎಲೆಯು ಐದಾರು ದಿನಗಳವರೆಗೂ ಹಸುರಾಗಿಯೇ ಕಾಣುತ್ತದೆ. ಸಾಯಂಕಾಲ ಯಜಮಾನನು ಸಿಂಪಡಿಸಿದ್ದನ್ನು ತಿಳಿಯದೆ ಮರುದಿನ ಬೆಳಿಗ್ಗೆ ಸೊಸೆಯು ಅದೇ ಸೊಪ್ಪನ್ನು ಮಡಿಲಿಗೆ ತುಂಬಿಕೊಂಡು ಬರುವಳು. ಆದುದರಿಂದ ಸಿಂಪಡಿಸುವುದಕ್ಕೆ ಮುಂಚೆ ಮನೆಯ ಹೆಂಗಸರನ್ನು ವಿಚಾರಿಸಿ, ಅವರು ಸೊಪ್ಪು ಕುಯ್ಯುವ ಸ್ಥಳವನ್ನು ಬಿಟ್ಟುಬಿಡತಕ್ಕದ್ದು. ಸಿಂಪಡಿಸಿದ ಸ್ಥಳದ ನಾಲ್ಕು ಮೂಲೆಗಳಲ್ಲಿಯೂ ಕಡ್ಡಿ ನೆಟ್ಟು ಬಟ್ಟೆಯ ಚೂರನ್ನು ಕಟ್ಟಿ, ಅದರೊಳಗಿನ ಒಂದು ಎಲೆಯನ್ನೂ ಮುಟ್ಟಕೂಡದೆಂದು ಮನೆಯವರೆಲ್ಲರಿಗೂ ನೆರೆಮನೆಯವರಿಗೂ ತಿಳಿಸತಕ್ಕದ್ದು.

ಔಷಧವಿಲ್ಲದೆ ಆಗತಕ್ಕ ಕೆಲಸ

ಕಳೆಗಳಲ್ಲಿ ಎರಡು ವರ್ಗಗಳುಂಟು. ಬೀಜದಿಂದ ಹುಟ್ಟಿ ಒಂದೇ ಕಾಲದಲ್ಲಿ ಹೂವು ಬೀಜಗಳನ್ನು ಬಿಟ್ಟು ಒಣಗಿಹೋಗುವಂಥವು ಒಂದು ವರ್ಗ. ಮುಳ್ಳುಹರಿವೆ, ತುಂಬೆ, ಕಾಂಗ್ರೆಸ್ ಗಿಡವೆಂದು ಜನರು ಕರೆಯುವ ಪಾರ್ಥೇನಿಯಂ ಮೊದಲಾದವು ಇದಕ್ಕೆ ಸೇರಿದವು. ನೆಲದೊಳಗಿನ ಬೇರು, ಕಾಂಡ, ಗಡ್ಡೆಗಳಿಂದ ವರ್ಷ ವರ್ಷವೂ ಚಿಗುರುವಂಥವು ಎರಡನೆಯ ವರ್ಗ. ಗರಿಕೆ ಮತ್ತು ಜೇಕು ಇದರಲ್ಲಿ ಮುಖ್ಯವಾದವು.

ಮೊದಲನೆಯ ವರ್ಗಕ್ಕೆ ಹಿತ್ತಲಿನಷ್ಟು ಸ್ಥಳದಲ್ಲಿ ಔಷಧದ ಅಗತ್ಯವೇ ಇಲ್ಲ. ಮಳೆ ಬಂದ ಮಾರನೆಯ ದಿನ ನೆಲವು ಮೆತ್ತಗಿರುವಾಗ, ಹೂವು ಕಾಣುವುದಕ್ಕೆ ಮೊದಲೇ, ಕೈಯಿಂದ ಕಿತ್ತರೆ ಬೇರುಸಹಿತ ಬರುತ್ತವೆ. ಹೂವು ಬಿಟ್ಟ ಮೇಲೆ ಕಿತ್ತರೆ ಒಂದು ಗಿಡದಿಂದ ಉದುರಿದ ಬೀಜವು ಅನೇಕ ವರ್ಷಗಳ ಕೆಲಸವನ್ನು ಹೆಚ್ಚಿಸುತ್ತದೆ. ಪಾರ್ಥೇನಿಯಂ ಗಿಡವು ೧೯೫೫ರಲ್ಲಿ ಪುಣೆಯಲ್ಲಿ ಕಂಡುಬಂದು ಅಲ್ಲಿಂದೀಚೆಗೆ ದೇಶದಲ್ಲೆಲ್ಲ ಹರಡಿತು. ಇದರ ಸಂಪರ್ಕದಿಂದ ಕೆಲವರಿಗೆ ಚರ್ಮದಲ್ಲಿ ತುರಿಕೆ ಗಾಯಗಳೂ, ಇದರ ಪರಾಗದಿಂದ ನೆಗಡಿ ಉಬ್ಬಸಗಳೂ ಉಂಟಾಗುವುದರಿಂದ ಕೈಗೆ ಚೀಲವನ್ನು ಹಾಕಿಕೊಂಡೇ ಕೀಳಬೇಕು. ಈ ಗಿಡವನ್ನು ಮಾತ್ರ ಹೆಚ್ಚಾಗಿ ತಿನ್ನುವ ಒಂದು ದುಂಬಿಯನ್ನು ಮೆಕ್ಸಿಕೋ ದೇಶದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನ ಸುತ್ತಮುತ್ತ ಬಿಡಲಾಯಿತು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳ ಮೇಲೆ ಬಿಳಿಯ ಮೈಮೇಲೆ ಕಂದು ಗೆರೆಗಳುಳ್ಳ ದುಂಬಿಗಳು ಕಂಡುಬಂದಲ್ಲಿ ಅವುಗಳನ್ನು ಕೊಲ್ಲದೆ ಬಿಡತಕ್ಕದ್ದು. ಅವು ಕೂಲಿಯಿಲ್ಲದೆ ಕೆಲಸಮಾಡುವ ಆಳುಗಳು.

ಪಾತಿಗಳ ನಡುವಿನ ಬರಿಯ ನೆಲವನ್ನು ತೆಂಗಿನ ಗರಿ, ಒಣಗಿದ ತರಗು, ಕಬ್ಬಿನ ಸೋಗೆ ಇವುಗಳಿಂದ ಮೂರು ನಾಲ್ಕು ಅಂಗುಲ ದಪ್ಪ ಮುಚ್ಚಿದರೆ ಬೆಳಕಿಲ್ಲದೆ ಬೀಜದ ಕಳೆಯು ಮೇಲೇಳುವುದಿಲ್ಲ. ನೆಲದ ತೇವವೂ ಉಳಿಯುತ್ತದೆ. ಜೇಕಿನ ಗಡ್ಡೆಗಳನ್ನು ಬೇಸಗೆಯಲ್ಲಿ ಆಳವಾಗಿ ಅಗೆದು ಮೇಲಕ್ಕೆ ಹಾಕಿ ಬಿಸಿಲಿಗೆ ಬಿಟ್ಟರೆ ಬಹಳಷ್ಟು ಒಣಗಿ ಸಾಯುತ್ತವೆ. ಮಳೆಗಾಲದಲ್ಲಿ ಗುದ್ದಲಿಯಿಂದ ಕೊಚ್ಚಿದರಾದರೋ ಗಡ್ಡೆಗಳ ಸರವು ತುಂಡಾಗಿ ಒಂದು ನಾಲ್ಕಾಗುತ್ತದೆ.

ಕೆಲವರು ಕಳೆಯ ಮೇಲೆ ಉಪ್ಪಿನ ನೀರನ್ನೂ, ಯಂತ್ರಗಳಿಂದ ತೆಗೆದ ಹಳೆಯ ಎಣ್ಣೆಯನ್ನೂ ಸುರಿಯುವುದುಂಟು. ಲೀಟರಿಗೆ ೨೦೦ ಗ್ರಾಮಿನಂತೆ ಕರಗಿಸಿದ ಉಪ್ಪಿನ ನೀರಿನಿಂದ ಪಾರ್ಥೇನಿಯಂ ಸುಟ್ಟುಹೋಗುವುದು ನಿಜವೇ ಆದರೂ, ಅದು ಪೈರಿಲ್ಲದ ಪಾಳು ನೆಲಕ್ಕೆ ಹೇಳಿದ ಉಪಾಯ. ಹಿತ್ತಲಿನಲ್ಲಿ ಉಪ್ಪು ನೆಲಕ್ಕೆ ಇಳಿದು ಮುಂದಿನ ಪೈರನ್ನೂ ಕೆಡಿಸುತ್ತದೆ. ಹಳೆಯ ಎಣ್ಣೆಯಂತೂ ನೆಲವನ್ನೂ ಬಾವಿಯನ್ನೂ ಹೊಲಸುಮಾಡುವುದಲ್ಲದೆ ಬೇರಾವ ಪ್ರಯೋಜನಕ್ಕೂ ಬಾರದು.

ಹೀಗೆ ಕೈ, ಗುದ್ದಲಿ, ಹೊದಿಕೆ ಇವುಗಳಿಂದ ಆಗದೆ ಉಳಿಯುವ ಕೆಲಸಕ್ಕೆ ಮಾತ್ರ ಔಷಧವನ್ನು ಯೋಚಿಸಬೇಕು. ಗೋಡೆಯ ಬುಡ, ಬೇಲಿಯ ಸಾಲು, ಕಲ್ಲುಹಾಸಿನ ಸಂದು, ಗರಿಕೆ ಜೇಕುಗಳು ತುಂಬಿ ಪೈರಿಲ್ಲದೆ ಬಿದ್ದಿರುವ ಮೂಲೆ ಇವೇ ಅದಕ್ಕೆ ತಕ್ಕ ಸ್ಥಳಗಳು.

ಔಷಧಗಳ ಜಾತಿಗಳು

ಅಂಗಡಿಯಲ್ಲಿ ದೊರೆಯುವ ಶೀಸೆಗಳ ಮೇಲಿನ ವ್ಯಾಪಾರದ ಹೆಸರುಗಳು ನೂರಾರು. ಅವುಗಳೊಳಗಿನ ವಿಷದ ಹೆಸರು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕೊಳ್ಳುವವನು ಓದಬೇಕಾದದ್ದು ಆ ಸಣ್ಣ ಅಕ್ಷರವನ್ನೇ.

೨,೪-ಡಿ ಎಂಬುದು ೧೯೪೦ರ ದಶಕದಲ್ಲಿ ಬಳಕೆಗೆ ಬಂದಿತು. ಇದು ಅಗಲವಾದ ಎಲೆಯ ಗಿಡಗಳನ್ನು ಕೊಂದು ಹುಲ್ಲಿನ ಜಾತಿಯವುಗಳನ್ನು ಬಿಡುತ್ತದೆ. ಆದುದರಿಂದ ಗರಿಕೆಗೆ ಇದನ್ನು ಸಿಂಪಡಿಸುವುದು ಹಣವನ್ನು ನೆಲಕ್ಕೆ ಚೆಲ್ಲಿದಂತೆ. ಟೊಮ್ಯಾಟೊ, ಹತ್ತಿ, ದ್ರಾಕ್ಷಿ ಇವು ಇದರ ಸೋಂಕನ್ನು ಎಳ್ಳಷ್ಟೂ ತಾಳವು. ಗಾಳಿಯಲ್ಲಿ ತೇಲಿಬಂದ ಹನಿಯಿಂದಲೇ ಎಲೆಗಳು ಮುರುಟಿ ದಾರದಂತಾಗುತ್ತವೆ. ಇದರಲ್ಲಿ ಎಸ್ಟರ್ ಎಂಬ ಬಗೆಯು ಬಿಸಿಲಿನಲ್ಲಿ ಆವಿಯಾಗಿಯೂ ಹರಡುವುದರಿಂದ ಹಿತ್ತಲಿಗೆ ತರಲೇಕೂಡದು.

ಪ್ಯಾರಾಕ್ವಾಟ್ ಎಂಬುದು ತಗುಲಿದ ಎಲೆಯನ್ನು ಒಂದೆರಡು ದಿನಗಳಲ್ಲಿಯೇ ಸುಟ್ಟಂತೆ ಮಾಡುತ್ತದೆ. ಕೂಡಲೇ ಫಲವು ಕಾಣುವುದರಿಂದ ಜನರಿಗೆ ಇದರಲ್ಲಿ ನಂಬಿಕೆ ಹೆಚ್ಚು. ಆದರೆ ಇದು ಬೇರಿಗೆ ಇಳಿಯುವುದಿಲ್ಲ. ಗರಿಕೆಯೂ ಜೇಕೂ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತವೆ. ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೆಂದರೆ, ಇದರ ಒಂದು ಗುಟುಕು ಹೊಟ್ಟೆಗೆ ಹೋದರೂ ಮನುಷ್ಯನು ಬದುಕುವುದು ದುರ್ಲಭ, ಮತ್ತು ಇದಕ್ಕೆ ಪ್ರತಿವಿಷವಿಲ್ಲ. ಯೂರೋಪಿನ ಒಕ್ಕೂಟದಲ್ಲಿ ೨೦೦೭ರಲ್ಲಿ ಇದರ ಅನುಮತಿಯು ರದ್ದಾಯಿತು. ಕೇರಳವು ೨೦೧೧ರಲ್ಲಿ ಇದನ್ನು ನಿಷೇಧಿಸಿತು. ಮಕ್ಕಳಿರುವ ಮನೆಯ ಹಿತ್ತಲಿಗೆ ಇದು ಯಾವ ಕಾರಣಕ್ಕೂ ತಕ್ಕದ್ದಲ್ಲ.

ಗ್ಲೈಫೋಸೇಟ್ ಎಂಬುದು ೧೯೭೪ರಲ್ಲಿ ಮಾರಾಟಕ್ಕೆ ಬಂದಿತು. ಇದು ಹಸುರೆಲೆಯಿಂದ ಹೀರಲ್ಪಟ್ಟು ಗಿಡದ ರಸದೊಡನೆ ಬೇರು ಗಡ್ಡೆಗಳವರೆಗೂ ಇಳಿಯುವುದರಿಂದ ಗರಿಕೆ ಜೇಕುಗಳಿಗೆ ಉಳಿದವುಗಳಿಗಿಂತ ಉತ್ತಮವಾದುದು. ಹುಲ್ಲು, ಅಗಲದೆಲೆ ಎಂಬ ಭೇದವಿಲ್ಲದೆ ತಗುಲಿದ್ದನ್ನೆಲ್ಲ ಕೊಲ್ಲುವುದು ಇದರ ಗುಣವೂ ಹೌದು, ದೋಷವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೧೫ರಲ್ಲಿ ಇದು ಮನುಷ್ಯರಲ್ಲಿ ಆ ರೋಗವನ್ನು ಉಂಟುಮಾಡುವ ಸಂಭವವಿದೆಯೆಂಬ ವರ್ಗಕ್ಕೆ ಇದನ್ನು ಸೇರಿಸಿತು. ಅಮೆರಿಕಾ ಮತ್ತು ಯೂರೋಪಿನ ಕೆಲವು ಸರ್ಕಾರಿ ಪರೀಕ್ಷಕ ಮಂಡಲಿಗಳು ಇದನ್ನು ಒಪ್ಪಲಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಕೀಟನಿಯಂತ್ರಣದ ಪರವಾನಗಿಯುಳ್ಳವರ ಮೂಲಕವೇ ಹೊರತು ಇತರರು ಇದನ್ನು ಉಪಯೋಗಿಸಕೂಡದೆಂದು ಆಜ್ಞೆ ಹೊರಡಿಸಿತು. ಆದುದರಿಂದ ಕೊಳ್ಳುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ನಿಯಮವನ್ನು ವಿಚಾರಿಸಿ ಅದರಂತೆ ನಡೆಯತಕ್ಕದ್ದು. ಪರವಾನಗಿಯುಳ್ಳವನನ್ನು ಕರೆಯಿಸಿ ಮಾಡಿಸಿದಾಗಲೂ ಈ ಪತ್ರಿಕೆಯಲ್ಲಿ ಹೇಳಿದ ಕ್ರಮವನ್ನು ಅವನು ಅನುಸರಿಸುತ್ತಾನೆಯೇ ಎಂಬುದನ್ನು ಯಜಮಾನನು ನಿಂತು ನೋಡಬೇಕು.

ಬೀಜ ಮೊಳೆಯುವುದಕ್ಕೆ ಮುಂಚೆಯೇ ನೆಲಕ್ಕೆ ಹಾಕುವ ಪೆಂಡಿಮೆಥಾಲಿನ್, ಅಟ್ರಜಿನ್ ಮೊದಲಾದವು ಹೊಲದ ಪೈರುಗಳಿಗಾಗಿ ಏರ್ಪಟ್ಟವು. ಇವು ನೆಲದಲ್ಲಿ ಕೆಲವು ಕಾಲ ಉಳಿಯುವುದರಿಂದ, ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಬಿತ್ತುವ ಹಿತ್ತಲಿಗೆ ಹೊಂದುವುದಿಲ್ಲ.

ಶೀಸೆಯ ಮೇಲೆ ವಜ್ರಾಕಾರದ ಒಂದು ಗುರುತು ಇದ್ದು ಅದರ ಅರ್ಧಕ್ಕೆ ಬಣ್ಣವಿರುತ್ತದೆ. ಕೆಂಪು ಅತ್ಯಂತ ಘೋರವಾದ ವಿಷ, ಹಳದಿ ಅದಕ್ಕೆ ಎರಡನೆಯದು, ನೀಲಿ ಮೂರನೆಯದು, ಹಸುರು ಕಡೆಯದು. ಹಸುರೆಂದರೆ ನಿರಪಾಯವೆಂದು ಅರ್ಥವಲ್ಲ. ಗುರುತಿಲ್ಲದ, ಬಿಡಿಯಾಗಿ ಅಳೆದುಕೊಡುವ, ರಸೀತಿಯಿಲ್ಲದ ಔಷಧವನ್ನು ಯಾರಿಂದಲೂ ಕೊಳ್ಳಕೂಡದು.

ಅಳತೆ

ಒಂದು ಮುಚ್ಚಳ ಹೆಚ್ಚು ಹಾಕಿದರೆ ಕಳೆ ಬೇಗ ಸಾಯುವುದೆಂಬ ನಂಬಿಕೆಯು ತಪ್ಪು. ಬೇರಿಗೆ ಇಳಿಯುವ ಔಷಧವು ಅತಿಯಾದಲ್ಲಿ ಎಲೆಯೇ ಮೊದಲು ಸುಟ್ಟುಹೋಗಿ, ವಿಷವು ಕೆಳಕ್ಕೆ ಇಳಿಯುವ ದಾರಿ ಮುಚ್ಚಿಹೋಗುತ್ತದೆ. ಕಡಮೆಯಾದಲ್ಲಿ ಕಳೆಯು ಬಾಡಿ ಮತ್ತೆ ಚೇತರಿಸಿಕೊಳ್ಳುತ್ತದೆ. ಚೀಟಿಯಲ್ಲಿ ಹೇಳಿದ ಅಳತೆಯೇ ಸರಿಯಾದ ಅಳತೆ.

ಚೀಟಿಯಲ್ಲಿ ಲೆಕ್ಕವು ಎಕರೆಗೆ ಅಥವಾ ಹೆಕ್ಟೇರಿಗೆ ಇರುತ್ತದೆ. ಎಕರೆಗೆ ನಲವತ್ತು ಗುಂಟೆ. ಉದ್ದಗಲ ೩೩ ಅಡಿಯ ಚೌಕವು ಒಂದು ಗುಂಟೆ. ಉದಾಹರಣೆಗೆ, ಚೀಟಿಯಲ್ಲಿ ಎಕರೆಗೆ ಒಂದು ಲೀಟರು ಔಷಧವನ್ನು ೨೦೦ ಲೀಟರು ನೀರಿನಲ್ಲಿ ಎಂದಿದ್ದರೆ, ನಲವತ್ತರಿಂದ ಭಾಗಿಸಿ ಒಂದು ಗುಂಟೆಗೆ ೨೫ ಮಿಲಿಲೀಟರು ಔಷಧ, ೫ ಲೀಟರು ನೀರು ಎಂದಾಗುತ್ತದೆ. ಅರ್ಧ ಗುಂಟೆಯ ಮೂಲೆಗೆ ಇದರಲ್ಲಿ ಅರ್ಧ ಸಾಕು. ಮೊದಲು ಬರಿಯ ನೀರನ್ನೇ ತುಂಬಿ ಅಳೆದ ನೆಲದ ಮೇಲೆ ಸಿಂಪಡಿಸುತ್ತ ನಡೆದು, ಎಷ್ಟು ಲೀಟರು ಖರ್ಚಾಯಿತೆಂದು ನೋಡಿಕೊಂಡರೆ ನಡಿಗೆಯ ವೇಗವು ಕೈಗೆ ಹತ್ತುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನೇ ಕಲಸಬೇಕು. ಉಳಿಸಿಟ್ಟದ್ದರಿಂದಲೇ ಅನೇಕ ಅನಾಹುತಗಳು ಸಂಭವಿಸುತ್ತವೆ. ಅಳೆಯುವ ಪಾತ್ರೆಯು ಅದಕ್ಕೇ ಮೀಸಲಾಗಿರಬೇಕು. ಅಡಿಗೆಮನೆಯ ಚಮಚ, ಲೋಟಗಳನ್ನು ಉಪಯೋಗಿಸಿ ತೊಳೆದಿಟ್ಟರಾಯಿತೆನ್ನುವುದು ಎಂದಿಗೂ ಆಗದು.

ಕಲಸುವ ನೀರು ತಿಳಿಯಾಗಿರಬೇಕು. ಗ್ಲೈಫೋಸೇಟ್ ಮಣ್ಣಿನ ಕಣಗಳಿಗೆ ಅಂಟಿಕೊಂಡು ನಿಸ್ಸತ್ವವಾಗುವುದರಿಂದ ಕೆರೆಯ ಕದಡಿದ ನೀರಿನಲ್ಲಿ ಕಲಸಿದರೆ ಫಲವಿಲ್ಲ; ಗಡಸು ನೀರಿನಲ್ಲಿಯೂ ಇದರ ಶಕ್ತಿ ಕುಂದುತ್ತದೆ. ಇದನ್ನು ಸತುವು ಲೇಪಿಸಿದ ಕಬ್ಬಿಣದ ಬಕೆಟ್ಟಿನಲ್ಲಿ ಕಲಸಿಡಕೂಡದು. ಅದರಿಂದ ಹೊತ್ತಿಕೊಳ್ಳುವ ಅನಿಲವು ಹುಟ್ಟುತ್ತದೆ. ಪ್ಲಾಸ್ಟಿಕ್ ಪಾತ್ರೆಯೇ ತಕ್ಕದ್ದು.

ಕಾಲ ಮತ್ತು ಗಾಳಿ

ಔಷಧವು ಎಲೆಯ ಮೂಲಕ ಒಳಹೊಗಬೇಕಾದರೆ ಗಿಡವು ಹುರುಪಿನಿಂದ ಬೆಳೆಯುತ್ತಿರಬೇಕು. ಬೇಸಗೆಯಲ್ಲಿ ಬಾಡಿ ಒಣಗಿದ ಗರಿಕೆಗೆ ಸಿಂಪಡಿಸಿದರೆ ಪ್ರಯೋಜನವಿಲ್ಲ. ಮಳೆಯಿಂದ ಚಿಗುರಿ ಎಲೆಗಳು ಚೆನ್ನಾಗಿ ಹರಡಿದಾಗ ಸಿಂಪಡಿಸಬೇಕು. ಅದಕ್ಕೆ ಮುಂಚೆ ಕುಡುಗೋಲಿನಿಂದ ಸವರಿದರೆ ಔಷಧವನ್ನು ಹೀರುವ ಎಲೆಯೇ ಇಲ್ಲದಂತಾಗುತ್ತದೆ. ಸಿಂಪಡಿಸಿದ ಮರುದಿನವೇ ಕಿತ್ತರೆ ವಿಷವು ಬೇರಿಗೆ ಇಳಿಯುವುದಿಲ್ಲ. ಎರಡು ವಾರಗಳವರೆಗೆ ಮುಟ್ಟದೆ ಬಿಡಬೇಕು. ಮೊದಲ ವಾರದಲ್ಲಿ ಏನೂ ಕಾಣದಿದ್ದರೂ ಔಷಧವು ಕೆಲಸಮಾಡುತ್ತಿರುತ್ತದೆ. ಇದನ್ನರಿಯದೆ ನಾಲ್ಕನೆಯ ದಿನವೇ ಮತ್ತೊಮ್ಮೆ ಸಿಂಪಡಿಸುವುದು ವ್ಯರ್ಥವಾದ ಖರ್ಚು. ಜೇಕಿನ ಗಡ್ಡೆಗಳಲ್ಲಿ ಕೆಲವು ನೆಲದೊಳಗೆ ಚಿಗುರದೆ ಮಲಗಿರುತ್ತವೆ. ಅವು ಎದ್ದು ಎಲೆ ಹರಡಿದ ಮೇಲೆ ಎರಡನೆಯ ಸಲ ಸಿಂಪಡಿಸಬೇಕಾಗುತ್ತದೆ. ಒಂದೇ ಸಲಕ್ಕೆ ಜೇಕು ನಿರ್ಮೂಲವಾಗುವುದೆಂದು ಹೇಳುವ ಅಂಗಡಿಯವನ ಮಾತನ್ನು ನಂಬಕೂಡದು.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವುದಕ್ಕೆ ಮುಂಚೆ, ಎಲೆ ಅಲುಗುವಷ್ಟು ಮಾತ್ರ ಗಾಳಿಯಿರುವಾಗ ಸಿಂಪಡಿಸುವುದು ಉತ್ತಮ. ಆಷಾಢದ ಗಾಳಿಯಲ್ಲಿ ಸಿಂಪಡಿಸಿದರೆ ಔಷಧವು ತನ್ನ ಹಿತ್ತಲಿನಲ್ಲಿ ಬೀಳದೆ ನೆರೆಯವನ ಮೆಣಸಿನ ಮಡಿಯಲ್ಲಿ ಬೀಳುತ್ತದೆ. ಹಿತ್ತಲುಗಳ ವ್ಯಾಜ್ಯವು ನ್ಯಾಯಕ್ಕೆ ಬರುವುದು ಹೀಗೆಯೇ. ಸಿಂಪಡಿಸಿದ ಮೇಲೆ ಆರು ಗಂಟೆಗಳೊಳಗೆ ಮಳೆ ಬರುವ ಲಕ್ಷಣವಿದ್ದಲ್ಲಿ ಆ ದಿನ ಬಿಡತಕ್ಕದ್ದು. ತೊಳೆದುಹೋದ ಔಷಧವು ಕಳೆಗೂ ಆಗಲಿಲ್ಲ, ಚರಂಡಿಯಿಂದ ಕೆರೆಗೂ ಸೇರಿತು ಎಂದಾಗುತ್ತದೆ.

ಸಿಂಪಡಿಸುವ ಕ್ರಮ

ಮೈಸೂರು ಸೀಮೆಯವರಿಗೆ ಸಿಂಪಡಿಸುವ ಯಂತ್ರವು ಹೊಸದಲ್ಲ. ೧೯೦೮ರಲ್ಲಿ ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯುವ ಕ್ರಮವನ್ನು ಬಳಕೆಗೆ ತಂದಂದಿನಿಂದ ಮಲೆನಾಡಿನ ತೋಟಗಳಲ್ಲಿ ಇದು ಪರಿಚಿತವಾಗಿದೆ. ಆದರೆ ಅಲ್ಲಿನ ಅಭ್ಯಾಸವು ಇಲ್ಲಿ ಸಲ್ಲುವುದಿಲ್ಲ. ಅಡಿಕೆಯ ಗೊನೆಯನ್ನು ರಕ್ಷಿಸಬೇಕಾದದ್ದರಿಂದ ಅದನ್ನೆಲ್ಲ ನೆನೆಯುವಂತೆ ಧಾರಾಳವಾಗಿ ಹೊಡೆಯುತ್ತಾರೆ. ಕಳೆಯ ಔಷಧದಲ್ಲಿ ಗುರಿಯಿಂದ ಆಚೆಗೆ ಬಿದ್ದ ಪ್ರತಿಯೊಂದು ಹನಿಯೂ ನಷ್ಟವೇ. ಎಲೆಯು ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು.

ಮಂಜಿನಂತೆ ಸಣ್ಣ ಹನಿಯನ್ನು ಕೊಡುವ ಮೂತಿಯನ್ನು ತೆಗೆದು, ದಪ್ಪ ಹನಿಯನ್ನು ಅಗಲವಾಗಿ ಕೊಡುವ ಕಳೆನಾಶಕದ ಮೂತಿಯನ್ನೇ ಹಾಕಬೇಕು. ಅದನ್ನು ನೆಲಕ್ಕೆ ಒಂದೂವರೆ ಅಡಿಗಿಂತ ಮೇಲಕ್ಕೆ ಎತ್ತಕೂಡದು. ಪೈರಿನ ಮಗ್ಗುಲಲ್ಲಿ ಸಿಂಪಡಿಸುವಾಗ ಒಂದು ತಗಡನ್ನೋ ರಟ್ಟನ್ನೋ ಅಡ್ಡ ಹಿಡಿಯಬೇಕು. ಬಾಳೆಯ ಕಂದುಗಳು ತಾಯಿಗಿಡದೊಡನೆ ನೆಲದೊಳಗೆ ಸೇರಿಕೊಂಡಿರುವುದರಿಂದ ಒಂದು ಕಂದಿಗೆ ಬಿದ್ದ ಔಷಧವು ತಾಯಿಯನ್ನೂ ಕೆಡಿಸಬಹುದು. ಪರಂಗಿಯೇ ಮೊದಲಾದ ಹಸುರು ತೊಗಟೆಯ ಎಳೆಯ ಗಿಡಗಳ ಬುಡಕ್ಕೂ ಸೋಕಿಸಕೂಡದು. ಪಾತಿಯೊಳಗೆ ಒಂದೆರಡು ಗರಿಕೆ ಮಾತ್ರ ಇದ್ದಲ್ಲಿ ಯಂತ್ರವೇ ಬೇಡ. ಕೋಲಿನ ತುದಿಗೆ ಕಟ್ಟಿದ ಬಟ್ಟೆಯನ್ನು ಔಷಧದಲ್ಲಿ ಅದ್ದಿ, ಹಿಂಡಿ, ಆ ಎಲೆಗಳಿಗೆ ಮಾತ್ರ ಸವರಿದರೆ ಸಾಕು. ಬಾವಿಯ ಕಟ್ಟೆಯ ಸುತ್ತಲೂ, ಬಾವಿಯ ಕಡೆಗೆ ಇಳಿಜಾರಾಗಿರುವ ನೆಲದಲ್ಲಿಯೂ ಔಷಧವನ್ನು ಹಾಕದೆ ಗುದ್ದಲಿಯಿಂದಲೇ ಕೆಲಸವನ್ನು ತೀರಿಸಬೇಕು.

ಕಳೆಗೆ ಉಪಯೋಗಿಸಿದ ಯಂತ್ರದಿಂದ ಪೈರಿಗೆ ಹುಳುವಿನ ಔಷಧವನ್ನು ಹೊಡೆಯಕೂಡದು. ಎಷ್ಟು ತೊಳೆದರೂ ಕೊಳವೆಯಲ್ಲಿ ಉಳಿದ ೨,೪-ಡಿಯ ಅಂಶವು ಟೊಮ್ಯಾಟೊ ಮಡಿಯನ್ನು ಹಾಳುಮಾಡಬಲ್ಲುದು. ಸಿಂಪಡಿಸಿದ ಹುಲ್ಲನ್ನು ಚೀಟಿಯಲ್ಲಿ ಹೇಳಿದ ಅವಧಿಯು ಕಳೆಯುವವರೆಗೆ ದನಕ್ಕೆ ಹಾಕಕೂಡದು. ಬಾಡುತ್ತಿರುವ ಕಳೆಗೆ ದನಗಳು ಮಾಮೂಲಿಗಿಂತ ಹೆಚ್ಚಾಗಿ ಬಾಯಿಹಾಕುವುದುಂಟು. ಆದುದರಿಂದ ಕರುವನ್ನೂ ಕೋಳಿಗಳನ್ನೂ ಆ ಕಡೆಗೆ ಬಿಡದಂತೆ ಅಡ್ಡಕಟ್ಟಬೇಕು.

ಸಿಂಪಡಿಸುವವನ ರಕ್ಷಣೆ

ಕಳೆಯ ವಿಷವು ಬಾಯಿಂದ ಮಾತ್ರವಲ್ಲದೆ ಚರ್ಮದಿಂದಲೂ ಕಣ್ಣಿನಿಂದಲೂ ಮೈಗೆ ಸೇರುತ್ತದೆ. ಅತಿ ಅಪಾಯದ ಗಳಿಗೆಯು ಸಿಂಪಡಿಸುವಾಗಲಲ್ಲ, ಶೀಸೆಯಿಂದ ಗಟ್ಟಿ ಔಷಧವನ್ನು ಅಳೆಯುವಾಗ. ಆ ಹೊತ್ತಿಗೆ ರಬ್ಬರಿನ ಕೈಚೀಲವೂ ಕಣ್ಣಿಗೆ ಕನ್ನಡಕವೂ ಇರಲೇಬೇಕು. ಸಿಂಪಡಿಸುವಾಗ ತುಂಬುತೋಳಿನ ಅಂಗಿ, ಷರಾಯಿ, ರಬ್ಬರಿನ ಬೂಟು, ಮೂಗು ಬಾಯಿಗಳಿಗೆ ಮುಸುಕು ಬೇಕು. ಬರಿಗಾಲಿನಲ್ಲಿ ಲುಂಗಿ ಎತ್ತಿಕಟ್ಟಿ ಸಿಂಪಡಿಸಿದ ಕಳೆಯ ಮೇಲೆಯೇ ಮುಂದಕ್ಕೆ ನಡೆಯುವ ಪದ್ಧತಿಯನ್ನು ಬಿಡಬೇಕು. ಗಾಳಿಗೆ ಬೆನ್ನುಮಾಡಿ ಹಿಂದಕ್ಕೆ ಸರಿಯುತ್ತ ಸಿಂಪಡಿಸಬೇಕು. ಮೂತಿ ಕಟ್ಟಿಕೊಂಡಲ್ಲಿ ಬಾಯಿಂದ ಊದಕೂಡದು. ಕೆಲಸ ಮುಗಿದು ಕೈ ಮುಖ ತೊಳೆಯುವವರೆಗೆ ಎಲೆಯಡಿಕೆ, ಬೀಡಿ, ಕಾಫಿ ಯಾವುದನ್ನೂ ಮುಟ್ಟಕೂಡದು. ಮಕ್ಕಳಿಂದಲೂ ಗರ್ಭಿಣಿಯರಿಂದಲೂ ಈ ಕೆಲಸವನ್ನು ಮಾಡಿಸಕೂಡದು.

ಉಟ್ಟ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಡನೆ ಸೇರಿಸದೆ ಅದೇ ದಿನ ಬೇರೆಯಾಗಿ ಒಗೆಯಬೇಕು. ಇದು ಅತಿಯಾದ ಜಾಗ್ರತೆಯೆಂದು ತೋರಬಹುದು. ೧೯೩೦ರ ದಶಕದಲ್ಲಿ ನ್ಯೂಜಿಲೆಂಡಿನ ರೈತರು ಸೋಡಿಯಂ ಕ್ಲೋರೇಟೆಂಬ ಕಳೆನಾಶಕವನ್ನು ಹೀಗೆಯೇ ಅಲಕ್ಷ್ಯದಿಂದ ಉಪಯೋಗಿಸುತ್ತಿದ್ದರು. ಅದು ನೆನೆದು ಒಣಗಿದ ಷರಾಯಿಗಳು ಒಲೆಯ ಹತ್ತಿರದ ಶಾಖಕ್ಕೂ ಉಜ್ಜುವಿಕೆಗೂ ಹೊತ್ತಿಕೊಂಡು ಸಿಡಿದವು. ಆ ಪದಾರ್ಥವು ಬೇರೆ, ಈಗಿನವು ಬೇರೆ. ಆದರೆ ಬಟ್ಟೆಯಲ್ಲಿ ಉಳಿದ ವಿಷವು ಮನೆಯೊಳಕ್ಕೆ ಬರುವುದೆಂಬ ಪಾಠವು ಒಂದೇ.

ಕೂಲಿಯವನಿಂದ ಕೆಲಸ ಮಾಡಿಸುವ ಯಜಮಾನನು ಈ ರಕ್ಷಣೆಯ ಸಾಮಾನುಗಳನ್ನು ತನ್ನ ಖರ್ಚಿನಿಂದಲೇ ಒದಗಿಸತಕ್ಕದ್ದು. ಕೂಲಿಯವನು ಬೇಡವೆಂದರೂ ತೊಡಿಸಿಯೇ ಕೆಲಸಕ್ಕೆ ಬಿಡತಕ್ಕದ್ದು.

ಉಳಿದ ಔಷಧ ಮತ್ತು ಬರಿದಾದ ಶೀಸೆ

ಕೆಲಸವು ಮುಗಿದ ಮೇಲೆ ಯಂತ್ರವನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸಿದ ನೆಲದ ಮೇಲೆಯೇ ಹರಡಬೇಕು. ಬಾವಿಯ ಬಳಿಯಲ್ಲಿಯೂ ಕೆರೆ ಕಾಲುವೆಗಳಲ್ಲಿಯೂ ತೊಳೆಯಕೂಡದು. ಬರಿದಾದ ಶೀಸೆಯನ್ನೂ ಮೂರು ಸಲ ತೊಳೆದು ತೂತುಮಾಡಿ, ಹಿಂತೆಗೆದುಕೊಳ್ಳುವ ಏರ್ಪಾಡಿದ್ದರೆ ಒಪ್ಪಿಸಿ, ಇಲ್ಲದಿದ್ದರೆ ನೀರಿನ ಆಸರೆಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಸುಡಕೂಡದು. ಅದರಲ್ಲಿ ಸೀಮೆಎಣ್ಣೆ, ಮಜ್ಜಿಗೆ, ಕುಡಿಯುವ ನೀರು ಯಾವುದನ್ನೂ ತುಂಬಕೂಡದು.

ಇದಕ್ಕಿಂತಲೂ ಘೋರವಾದದ್ದು ಉಳಿದ ಔಷಧವನ್ನು ಪಾನಕದ ಅಥವಾ ನೀರಿನ ಬಾಟಲಿಗೆ ಬಗ್ಗಿಸಿಡುವುದು. ನೆರೆಯವನು ಸ್ವಲ್ಪ ಔಷಧ ಕೇಳಿದನೆಂದು ಬರಿದಾದ ಬಾಟಲಿಯಲ್ಲಿ ಕೊಡುತ್ತಾರೆ. ಅವನು ಬೇಕಾದಷ್ಟನ್ನು ಬಳಸಿ ಉಳಿದದ್ದನ್ನು ಬಚ್ಚಲಿನ ಗೂಡಿನಲ್ಲಿಡುತ್ತಾನೆ. ಬಿಸಿಲಿನಲ್ಲಿ ಆಡಿ ಬಾಯಾರಿ ಬಂದ ಮಗುವಿಗೆ ಕಾಣುವುದು ಪಾನಕದ ಬಾಟಲಿ, ಅದರೊಳಗಿನ ವಿಷವಲ್ಲ. ಕೊಟ್ಟವನೂ ಇಟ್ಟವನೂ ಕೇಡನ್ನು ಬಯಸಿದವರಲ್ಲ. ಆದರೆ ಬಾಟಲಿಯು ಬದಲಾದ ಗಳಿಗೆಯಲ್ಲಿಯೇ ಆ ಮಗುವಿನ ಕೇಡು ಸಿದ್ಧವಾಯಿತು. ಔಷಧವು ತಂದ ಶೀಸೆಯಲ್ಲಿಯೇ, ಚೀಟಿಯೊಡನೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಧಾನ್ಯ ಮತ್ತು ಅಡಿಗೆಯ ಪದಾರ್ಥಗಳಿಂದ ದೂರವಾಗಿರತಕ್ಕದ್ದು. ಬೀಗದಕೈ ಒಬ್ಬ ಹಿರಿಯರ ಬಳಿಯೇ ಇರತಕ್ಕದ್ದು.

ಅಪಾಯವು ಸಂಭವಿಸಿದಲ್ಲಿ

ಮೈಮೇಲೆ ಚೆಲ್ಲಿದಲ್ಲಿ ಬಟ್ಟೆಯನ್ನು ಕೂಡಲೇ ಕಳಚಿ ಸೋಪು ಹಾಕಿ ಧಾರಾಳವಾದ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಲ್ಲಿ ರೆಪ್ಪೆಯನ್ನು ಬಿಡಿಸಿ ಹಿಡಿದು ಹದಿನೈದ ನಿಮಿಷ ಶುದ್ಧವಾದ ನೀರನ್ನು ಹರಿಯಬಿಡಬೇಕು. ಹೊಟ್ಟೆಗೆ ಹೋದಲ್ಲಿ ಉಪ್ಪಿನ ನೀರು, ಹುಣಿಸೆಯ ನೀರು ಕುಡಿಸಿ ವಾಂತಿಮಾಡಿಸುವ ಪ್ರಯತ್ನವನ್ನು ಮಾಡಕೂಡದು. ಗಂಟಲನ್ನು ಸುಟ್ಟ ವಿಷವು ಮೇಲಕ್ಕೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಹೋಗುತ್ತದೆ. ೧೦೮ಕ್ಕೆ ಕರೆಮಾಡಿ, ಶೀಸೆಯನ್ನು ಚೀಟಿಯ ಸಮೇತ ತೆಗೆದುಕೊಂಡು ಆಸ್ಪತ್ರೆಗೆ ಹೋಗತಕ್ಕದ್ದು. ಶೀಸೆಯಿಲ್ಲದೆ ಹೋದರೆ ಯಾವ ವಿಷವೆಂದು ತಿಳಿಯುವುದರಲ್ಲಿಯೇ ವೈದ್ಯರ ಕಾಲವು ಕಳೆಯುತ್ತದೆ. ಪ್ಯಾರಾಕ್ವಾಟ್ ಕುಡಿದವನು ಮೊದಲ ಒಂದೆರಡು ದಿನ ಮಾತನಾಡಿಕೊಂಡು ಚೆನ್ನಾಗಿಯೇ ಇರುವಂತೆ ತೋರಬಹುದು. ಆಮೇಲೆ ಮೂತ್ರಪಿಂಡವೂ ಶ್ವಾಸಕೋಶವೂ ಕೆಡುತ್ತವೆ. ಆದುದರಿಂದ ಗುಣವಾಯಿತೆಂದು ಮನೆಯಲ್ಲಿ ಉಳಿಸಿಕೊಳ್ಳಕೂಡದು.

ಗ್ರಾಮದ ಮುಖಂಡರ ಹೊಣೆ

ಒಬ್ಬನ ಹಿತ್ತಲಿನ ಔಷಧವು ಹತ್ತು ಮನೆಯವರ ಬಾವಿ, ಬೇಲಿ, ದನಕರುಗಳನ್ನು ಮುಟ್ಟುವುದರಿಂದ ಇದು ಒಂದು ಮನೆಯ ಸ್ವಂತ ವಿಷಯವೆಂದು ಬಿಡತಕ್ಕದ್ದಲ್ಲ. ಕೆರೆಯ ಏರಿ, ಕುಡಿಯುವ ನೀರಿನ ಆಸರೆ, ಶಾಲೆಯ ಆವರಣ, ದನ ಮೇಯುವ ಓಣಿ ಇವುಗಳಲ್ಲಿ ಔಷಧವನ್ನು ಹಾಕಕೂಡದೆಂದು ಊರಿನ ಹಿರಿಯರು ಕಟ್ಟುಮಾಡಬಹುದು. ಇಂಥ ಸ್ಥಳಗಳ ಕಳೆಯನ್ನು ಮಳೆಗಾಲದ ಮೊದಲಲ್ಲಿ ಒಂದು ದಿನ ಊರವರೆಲ್ಲ ಸೇರಿ ಕಿತ್ತರೆ ಕೆಲಸವು ಸುಲಭವಾಗಿ ತೀರುತ್ತದೆ. ಸಿಂಪಡಿಸುವವರು ನೆರೆಯವರಿಗೆ ಹಿಂದಿನ ದಿನವೇ ತಿಳಿಸುವ ಪದ್ಧತಿಯನ್ನೂ, ಓದಲು ಬಾರದವರಿಗೆ ಚೀಟಿಯನ್ನು ಓದಿಹೇಳುವ ಪದ್ಧತಿಯನ್ನೂ ಬಳಕೆಗೆ ತರುವುದು ಅವರ ಕೈಯಲ್ಲಿದೆ.

ಕಡೆಯದಾಗಿ ರೈತರು ನೆನಪಿನಲ್ಲಿಡಬೇಕಾದದ್ದು ಇಷ್ಟು. ಕೀಳಬಹುದಾದ ಕಳೆಯನ್ನು ಕೀಳಬೇಕು. ಮುಚ್ಚಬಹುದಾದ ನೆಲವನ್ನು ಮುಚ್ಚಬೇಕು. ಉಳಿದ ಗರಿಕೆ ಜೇಕುಗಳಿಗೆ ಮಾತ್ರ ತಕ್ಕ ಔಷಧವನ್ನು ತಕ್ಕ ಕಾಲದಲ್ಲಿ ಅಳೆದು ಹಾಕಬೇಕು. ಶೀಸೆಯು ಬದಲಾಗಕೂಡದು, ಬೀಗವು ತೆರೆದಿರಕೂಡದು. ಒಂದು ವರ್ಷ ಕಳೆಯು ಹೆಚ್ಚಾಗಿ ಉಳಿದರೆ ಮುಂದಿನ ವರ್ಷ ಕೀಳಬಹುದು. ವಿಷದಿಂದಾದ ಕೇಡನ್ನು ಹಾಗೆ ಮುಂದಿನ ವರ್ಷ ಸರಿಪಡಿಸಲು ಬರುವುದಿಲ್ಲ.